ಸ್ತನ ಕ್ಯಾನ್ಸರ್ ಮತ್ತು ವಿಕಿರಣ ಚಿಕಿತ್ಸೆಯ ನಂತರ ಎರಡನೆಯ ಕ್ಯಾನ್ಸರಿನ ಅಪಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ತನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ, ಅಂದರೆ ಜನ ‘ಕರೆಂಟ್ ಕೊಡುವುದು’ ಎಂದು ಕರೆಯುವ ರೇಡಿಯೇಶನ್, ಪಡೆದವರೂ ಅವರ ಮನೆಯವರೂ ಕೇಳುವ ಪ್ರಶ್ನೆಗಳು ಇಲ್ಲಿವೆ. ಇವು ಚಿಕಿತ್ಸೆಯ ಹೊತ್ತಿನಲ್ಲಿ ಹುಟ್ಟುವ ಪ್ರಶ್ನೆಗಳಲ್ಲ; ಎಲ್ಲ ಮುಗಿದು, ಕೂದಲು ಮತ್ತೆ ಬೆಳೆದು, ಯಾರೋ ಕಳಿಸಿದ ವಾಟ್ಸಾಪ್ ಸಂದೇಶ ಓದಿದ ಮೇಲೆ ಹುಟ್ಟುವಂಥವು. ಉತ್ತರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಫೈಲು ನೋಡಿದ ವೈದ್ಯರ ಮಾತಿಗೆ ಇವು ಬದಲಿಯಲ್ಲ.

‘ಎರಡನೆಯ ಕ್ಯಾನ್ಸರ್’ ಎಂದರೆ ಯಾವುದು? ವೈದ್ಯರು ‘ಸೆಕೆಂಡರೀಸ್’ ಎನ್ನುವುದೂ ಇದನ್ನೇ?

ಅಲ್ಲ. ಈ ಎರಡು ಮಾತುಗಳ ಗೊಂದಲದಿಂದ ಎಷ್ಟೋ ಮನೆಗಳಲ್ಲಿ ಸುಮ್ಮನೆ ನಿದ್ದೆ ಕೆಟ್ಟಿದೆ. ನಮ್ಮ ಆಸ್ಪತ್ರೆಗಳ ಆಡುಮಾತಿನಲ್ಲಿ ‘ಸೆಕೆಂಡರೀಸ್’ ಎಂದರೆ ಮೊದಲಿನ ಕ್ಯಾನ್ಸರೇ ಮೂಳೆಗೋ, ಯಕೃತ್ತಿಗೋ, ಶ್ವಾಸಕೋಶಕ್ಕೋ ಹರಡಿರುವುದು. ಸ್ತನದಿಂದ ಶ್ವಾಸಕೋಶಕ್ಕೆ ಹರಡಿದ ಗಡ್ಡೆಯ ಬಯಾಪ್ಸಿಯಲ್ಲಿ ಸ್ತನದ ಜೀವಕೋಶಗಳೇ ಕಾಣುತ್ತವೆ. ಕೊಡುವ ಔಷಧಿಯೂ ಸ್ತನ ಕ್ಯಾನ್ಸರಿನದೇ ಆಗಿರುತ್ತದೆ. ಎರಡನೆಯ ಕ್ಯಾನ್ಸರ್ ಎಂದರೆ ಹಳೆಯದರ ಸಂಬಂಧವಿಲ್ಲದೆ ಹೊಸದಾಗಿ ಹುಟ್ಟಿದ್ದು: ಶ್ವಾಸಕೋಶದ್ದೇ ಆದ ಕ್ಯಾನ್ಸರ್, ಇನ್ನೊಂದು ಸ್ತನದಲ್ಲಿ ಹುಟ್ಟಿದ ಬೇರೆ ಗಡ್ಡೆ, ಗರ್ಭಕೋಶದ ಒಳಪದರದ ಕ್ಯಾನ್ಸರ್, ರಕ್ತದ ಕ್ಯಾನ್ಸರ್, ಹೀಗೆ. ಇದರ ಚಿಕಿತ್ಸೆ ಬೇರೆ, ಗುಣವಾಗುವ ಸಾಧ್ಯತೆಯೂ ಬೇರೆ. ಸ್ತನ ಕ್ಯಾನ್ಸರ್ ಆಗಿದ್ದವರ ಶ್ವಾಸಕೋಶದಲ್ಲಿ ಒಂಟಿ ಗಂಟು ಕಂಡ ಮಾತ್ರಕ್ಕೆ ‘ಹರಡಿದೆ’ ಎಂದು ತೀರ್ಮಾನಿಸದೆ ಬಯಾಪ್ಸಿಗೆ ಒತ್ತಾಯಿಸಬೇಕಾದದ್ದು ಈ ಕಾರಣಕ್ಕೇ.

ಕ್ಯಾನ್ಸರನ್ನು ಕೊಲ್ಲುವ ವಿಕಿರಣವೇ ಕ್ಯಾನ್ಸರ್ ತರುವುದು ಹೇಗೆ ಸಾಧ್ಯ?

ವಿಕಿರಣವು ಜೀವಕೋಶದ ಡಿಎನ್‌ಎ ಎಳೆಗಳನ್ನು ಕತ್ತರಿಸುತ್ತದೆ. ಗಡ್ಡೆ ಇದ್ದ ಜಾಗಕ್ಕೆ ಪೂರ್ಣ ಪ್ರಮಾಣ ಬೀಳುವುದರಿಂದ ಅಲ್ಲಿನ ಕ್ಯಾನ್ಸರ್ ಕೋಶಗಳು ಸರಿಪಡಿಸಿಕೊಳ್ಳಲಾರದೆ ಸಾಯುತ್ತವೆ. ಸುತ್ತಲಿನ ಆರೋಗ್ಯವಂತ ಅಂಗಗಳಿಗೆ ತಗಲುವ ಪ್ರಮಾಣ ಕಡಿಮೆ. ಅಲ್ಲಿನ ಕೋಶಗಳು ಬಹುಪಾಲು ಹಾನಿಯನ್ನು ತಿದ್ದಿಕೊಂಡು ಬದುಕುತ್ತವೆ. ಅಪರೂಪಕ್ಕೆ ಒಂದು ಕೋಶ ತಪ್ಪಾಗಿ ತಿದ್ದಿಕೊಂಡು ಬದುಕಿಬಿಡುತ್ತದೆ, ಆ ತಪ್ಪನ್ನು ತನ್ನ ಪೀಳಿಗೆಗೂ ದಾಟಿಸುತ್ತದೆ. ಅದರ ಮೇಲೆ ಬೇರೆ ತಪ್ಪುಗಳು ಸೇರಿ ಕ್ಯಾನ್ಸರ್ ಆಗಲು ವರ್ಷಗಟ್ಟಲೆ ಬೇಕು.

ಎಷ್ಟು ವರ್ಷಗಳ ನಂತರ ಬರಬಹುದು?

ಹಿರೋಶಿಮಾ ಮತ್ತು ನಾಗಸಾಕಿಯಲ್ಲಿ ಬದುಕುಳಿದವರನ್ನು ದಶಕಗಳ ಕಾಲ ಗಮನಿಸಿದಾಗ ಕಂಡ ಕ್ರಮವೇ ಇಲ್ಲಿಯೂ ಹೆಚ್ಚುಕಡಿಮೆ ಕಾಣುತ್ತದೆ. ರಕ್ತದ ಕ್ಯಾನ್ಸರಿನ ಹೆಚ್ಚಳ ಕೆಲವೇ ವರ್ಷಗಳಲ್ಲಿ ತೋರುತ್ತದೆ, ಗಡ್ಡೆಯ ರೂಪದ ಕ್ಯಾನ್ಸರುಗಳದ್ದು ಸಾಮಾನ್ಯವಾಗಿ 10 ವರ್ಷ ಕಳೆದ ಮೇಲೆ. ಆದ್ದರಿಂದ ರೇಡಿಯೇಶನ್ ಮುಗಿದ 6 ತಿಂಗಳಿಗೆ ಶ್ವಾಸಕೋಶದಲ್ಲಿ ಕಂಡ ಗಂಟಿಗೆ ‘ಕರೆಂಟೇ ಕಾರಣ’ ಎಂದು ದೂರುವುದಕ್ಕೆ ಆಧಾರವಿಲ್ಲ. ವಿಕಿರಣವನ್ನು ಕಾರಣವೆಂದು ಶಂಕಿಸಲು ಮೂರು ವಿಷಯ ಕೂಡಿಬರಬೇಕೆಂದು 1948ರಲ್ಲಿಯೇ ಅಮೆರಿಕದ ಕ್ಯಾಹನ್ ಮತ್ತು ಸಂಗಡಿಗರು ಹೇಳಿದ್ದರು: ಹೊಸ ಗಡ್ಡೆ ವಿಕಿರಣ ಬಿದ್ದ ಜಾಗದಲ್ಲಿರಬೇಕು, ನಡುವೆ ಸಾಕಷ್ಟು ವರ್ಷಗಳ ಅಂತರವಿರಬೇಕು, ಅದರ ಜಾತಿ ಮೊದಲಿನ ಕ್ಯಾನ್ಸರಿಗಿಂತ ಬೇರೆಯಾಗಿರಬೇಕು. ಇವು ಕೂಡಿಬಂದರೂ ಒಬ್ಬ ವ್ಯಕ್ತಿಯ ವಿಷಯದಲ್ಲಿ ‘ಇದರಿಂದಲೇ ಬಂತು’ ಎಂದು ತೋರಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಗುಂಪಿನಲ್ಲಿ ಎಷ್ಟು ಹೆಚ್ಚಾಯಿತು ಎಂದಷ್ಟೇ ಲೆಕ್ಕ ಹಾಕಬಹುದು.

ಅಪಾಯ ಎಷ್ಟು? ಅಂಕಿಯಲ್ಲಿ ಹೇಳಿ.

ಅಮೆರಿಕದ ಕ್ಯಾನ್ಸರ್ ನೋಂದಣಿಗಳಲ್ಲಿದ್ದ 6 ಲಕ್ಷಕ್ಕೂ ಹೆಚ್ಚು ವಯಸ್ಕ ರೋಗಿಗಳ ಮಾಹಿತಿಯನ್ನು 2011ರಲ್ಲಿ ವಿಶ್ಲೇಷಿಸಲಾಯಿತು. ಇವರಲ್ಲಿ ಸ್ತನದ್ದಲ್ಲದೆ ಬೇರೆ ಅಂಗಗಳ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರೂ ಇದ್ದರು. ರೇಡಿಯೇಶನ್ ಪಡೆದವರಲ್ಲಿ ಆಮೇಲೆ ಬಂದ ಎರಡನೆಯ ಕ್ಯಾನ್ಸರುಗಳ ಪೈಕಿ ಸುಮಾರು ಶೇ 8ರಷ್ಟನ್ನು ಮಾತ್ರ ವಿಕಿರಣಕ್ಕೆ ಜೋಡಿಸಬಹುದು ಎಂಬುದು ಅದರ ಫಲಿತಾಂಶ. ಇನ್ನೊಂದು ರೀತಿಯಲ್ಲಿ ಹೇಳಿದರೆ, ರೇಡಿಯೇಶನ್ ಪಡೆದ 1,000 ಮಂದಿಯಲ್ಲಿ 15 ವರ್ಷಗಳೊಳಗೆ ಸುಮಾರು 5 ಹೆಚ್ಚುವರಿ ಕ್ಯಾನ್ಸರುಗಳು. ಉಳಿದ ಬಹುಪಾಲಿಗೆ ವಯಸ್ಸು, ತಂಬಾಕು, ವಂಶವಾಹಿ, ಹಾರ್ಮೋನು, ತೂಕ ಮುಂತಾದ ಬೇರೆ ಕಾರಣಗಳಿವೆ. ಸ್ತನ ಕ್ಯಾನ್ಸರಿಗೆ ದಾರಿ ಮಾಡಿಕೊಟ್ಟ ಕಾರಣಗಳು ಮೊದಲ ಚಿಕಿತ್ಸೆಯೊಂದಿಗೆ ಎಲ್ಲಿಗೂ ಹೋಗಿರುವುದಿಲ್ಲ ಎಂಬುದನ್ನು ನಾವು ಮರೆಯುತ್ತೇವೆ.

ಆದರೆ ಈ ಸರಾಸರಿ ಅಂಕಿಯನ್ನು ಹಿಡಿದು ಕೂರುವುದು ಸರಿಯಲ್ಲ ಎಂದು ನನ್ನ ಅನಿಸಿಕೆ. ಅಪಾಯ ಎಲ್ಲರಿಗೂ ಒಂದೇ ಸಮ ಹಂಚಿಕೆಯಾಗಿಲ್ಲ: ಸಿಗರೇಟು ಸೇದುವವರಿಗೆ ಒಂದು ಲೆಕ್ಕ, ಸೇದದವರಿಗೆ ಇನ್ನೊಂದು, 35ರ ಹರೆಯಕ್ಕೆ ಒಂದು, 65ಕ್ಕೆ ಮತ್ತೊಂದು. ಮುಂದಿನ ಉತ್ತರಗಳು ಈ ಏರುಪೇರನ್ನು ಕುರಿತವು.

ಶ್ವಾಸಕೋಶದ ಕ್ಯಾನ್ಸರಿನ ಬಗ್ಗೆ ಇಷ್ಟು ಒತ್ತಿ ಹೇಳುವುದೇಕೆ?

ಸ್ತನದ ಹಿಂದೆ ಪಕ್ಕೆಲುಬು, ಅದರ ಬೆನ್ನಿಗೇ ಶ್ವಾಸಕೋಶ. ಚಿಕಿತ್ಸೆಗೆ ಮೊದಲು ಸಿಟಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಯೋಜನೆ ಹಾಕುವಾಗ ಪರದೆಯ ಮೇಲೆ ಇದು ಸ್ಪಷ್ಟವಾಗಿ ಕಾಣುತ್ತದೆ: ಕಿರಣಗಳನ್ನು ಎದೆಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಎರಡು ಕಡೆಯಿಂದ ಹಾಯಿಸುತ್ತಾರೆ, ಆದರೂ ಎದೆಗೂಡಿನ ದುಂಡಗಿನ ಆಕಾರದಿಂದಾಗಿ ಶ್ವಾಸಕೋಶದ ಅಂಚಿನಲ್ಲಿ ಬಿದಿಗೆ ಚಂದ್ರನಂಥ ಒಂದು ತೆಳು ಭಾಗ, ಹೆಚ್ಚಿನವರಲ್ಲಿ ಎರಡು ಸೆಂಟಿಮೀಟರಿನ ಆಸುಪಾಸು ದಪ್ಪದ್ದು, ಕಿರಣದ ಹಾದಿಯೊಳಗೆ ಸಿಕ್ಕಿಕೊಳ್ಳುತ್ತದೆ. ಕಾಲರ್ ಮೂಳೆಯ ಮೇಲಿನ ಗ್ರಂಥಿಗಳಿಗೂ ವಿಕಿರಣ ಕೊಡಬೇಕಾದಾಗ ಶ್ವಾಸಕೋಶದ ತುದಿಯೂ, ಅನ್ನನಾಳದ ಒಂದಿಷ್ಟು ಭಾಗವೂ ಸೇರುತ್ತವೆ.

2017ರಲ್ಲಿ ಪ್ರಕಟವಾದ, 75 ಪ್ರಯೋಗಗಳ 40,781 ಮಹಿಳೆಯರನ್ನು ಒಳಗೊಂಡ ಅಂತರರಾಷ್ಟ್ರೀಯ ವಿಶ್ಲೇಷಣೆಯೊಂದರ ಅಂದಾಜನ್ನು ಇಲ್ಲಿ ಹೇಳಲೇಬೇಕು. ಈಗಿನ ರೀತಿಯ ರೇಡಿಯೇಶನ್ನಿನಿಂದ ಶ್ವಾಸಕೋಶದ ಕ್ಯಾನ್ಸರಿನ ಹೆಚ್ಚುವರಿ ಅಪಾಯ, ಧೂಮಪಾನ ಮಾಡದವರಲ್ಲಿ ಸುಮಾರು ಶೇ 0.3, ದೀರ್ಘಕಾಲ ಸೇದಿ, ಚಿಕಿತ್ಸೆಯ ನಂತರವೂ ಬಿಡದವರಲ್ಲಿ ಸುಮಾರು ಶೇ 4. ಹತ್ತು ಪಟ್ಟಿಗೂ ಮಿಗಿಲಾದ ಅಂತರ. ವಿಕಿರಣವೂ ಹೊಗೆಯೂ ಒಂದರ ಮೇಲೊಂದು ಸೇರಿ ಕೂಡುವುದಿಲ್ಲ, ಒಂದನ್ನೊಂದು ಗುಣಿಸುತ್ತವೆ. ಚಿಕಿತ್ಸೆ ಶುರುವಾಗುವ ಹೊತ್ತಿಗಾದರೂ ಬಿಟ್ಟವರು ಆ ಹೆಚ್ಚುವರಿ ಅಪಾಯದ ದೊಡ್ಡ ಪಾಲನ್ನು ತಪ್ಪಿಸಿಕೊಳ್ಳುತ್ತಾರೆ. ಯಂತ್ರ ಎಷ್ಟೇ ದುಬಾರಿಯದ್ದಾಗಿರಲಿ, ಇಷ್ಟು ಲಾಭವನ್ನು ಅದೊಂದೇ ಕೊಡಲಾರದು.

ನಾನು ಬೀಡಿ ಸಿಗರೇಟು ಮುಟ್ಟಿಲ್ಲ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುತ್ತೇನೆ. ಅದು ಲೆಕ್ಕಕ್ಕಿದೆಯೇ?

ಕರ್ನಾಟಕದಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು. ‘ಸ್ಮೋಕಿಂಗ್ ಇದೆಯಾ’ ಎಂದು ವೈದ್ಯರು ಕೇಳಿದಾಗ ‘ಇಲ್ಲ’ ಎಂದು ಹೇಳಿ, ಸೆರಗಿನ ಗಂಟಿನಲ್ಲಿ ಕಡ್ಡಿಪುಡಿ ಇಟ್ಟುಕೊಂಡವರು ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ಮೇಲಿನ ಶೇ 4ರ ಅಂಕಿ ಹೊಗೆ ಎಳೆಯುವವರದ್ದು, ಅಗಿಯುವವರಿಗೆ ಅದು ಅನ್ವಯಿಸುವುದಿಲ್ಲ. ಆದರೆ ಅಗಿಯುವ ತಂಬಾಕು ಬಾಯಿಯ, ಅನ್ನನಾಳದ ಕ್ಯಾನ್ಸರಿಗೆ ತಾನೇ ಕಾರಣ. ತಂಬಾಕಿಲ್ಲದ ಎಲೆ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ನುಂಗುವಾಗ ಅನ್ನ ಸಿಕ್ಕಿಕೊಂಡಂತಾದರೆ, ಬಾಯಲ್ಲಿ ಎರಡು ಮೂರು ವಾರವಾದರೂ ಮಾಯದ ಹುಣ್ಣಿದ್ದರೆ ತೋರಿಸಿ. ‘ಎದೆಯ ಡಾಕ್ಟರಿಗೆ ಬಾಯಿ ಯಾಕೆ ತೋರಿಸಲಿ’ ಎಂದು ಸಂಕೋಚಪಡಬೇಡಿ.

ಇನ್ನೊಂದು ಸ್ತನಕ್ಕೂ ಕರೆಂಟಿನಿಂದ ಕ್ಯಾನ್ಸರ್ ಬರುತ್ತದೆಯೇ?

ಇನ್ನೊಂದು ಸ್ತನದಲ್ಲಿ ಬರುವ ಕ್ಯಾನ್ಸರಿನ ಬಹುಪಾಲಿಗೂ ವಿಕಿರಣಕ್ಕೂ ಸಂಬಂಧವಿಲ್ಲ. 1992ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು, ಅಂಥ ಕ್ಯಾನ್ಸರುಗಳಲ್ಲಿ ಶೇ 3ಕ್ಕಿಂತ ಕಡಿಮೆಯನ್ನು ಮಾತ್ರ ಹಿಂದಿನ ರೇಡಿಯೇಶನ್ನಿಗೆ ಜೋಡಿಸಿತು. ಆದರೆ ವಯಸ್ಸು ಮುಖ್ಯ. 2008ರ ಇನ್ನೊಂದು ಅಧ್ಯಯನದಲ್ಲಿ, 40 ವರ್ಷದೊಳಗೆ ಚಿಕಿತ್ಸೆ ಪಡೆದು, ಇನ್ನೊಂದು ಸ್ತನಕ್ಕೆ 1 ಗ್ರೇಗಿಂತ ಹೆಚ್ಚು ವಿಕಿರಣ ಚದುರಿ ತಲುಪಿದ್ದವರಲ್ಲಿ ಅಪಾಯ ಸುಮಾರು ಎರಡೂವರೆ ಪಟ್ಟು ಕಂಡಿತು; 40 ದಾಟಿದವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. (ಗ್ರೇ ಎಂಬುದು ದೇಹ ಹೀರಿಕೊಂಡ ವಿಕಿರಣದ ಅಳತೆ.) ಎಳೆಯ ಸ್ತನ ವಿಕಿರಣಕ್ಕೆ ಎಷ್ಟು ಸೂಕ್ಷ್ಮವೆಂಬುದಕ್ಕೆ ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿಗಾಗಿ ಹದಿಹರೆಯದಲ್ಲಿ ಎದೆಗೆ ವಿಕಿರಣ ಪಡೆದ ಹುಡುಗಿಯರೇ ಸಾಕ್ಷಿ: ಅವರಿಗೆ ಮುಂದೆ ಸ್ತನ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚಾದ್ದರಿಂದ ಎಳೆವಯಸ್ಸಿನಿಂದಲೇ ಪ್ರತಿವರ್ಷ ಎಂಆರ್‌ಐ ತಪಾಸಣೆಯನ್ನು ಶಿಫಾರಸು ಮಾಡುತ್ತಾರೆ. ನಮ್ಮ ದೇಶದಲ್ಲಿ ಸ್ತನ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಚಿಕ್ಕ ವಯಸ್ಸಿನಲ್ಲಿ ಕಾಣಿಸಿಕೊಳ್ಳುವುದರಿಂದ 40ರೊಳಗಿನವರ ಈ ಮಾತು ನಮಗೆ ಹೆಚ್ಚು ಹತ್ತಿರದ್ದು.

ವಿಕಿರಣ ಕೊಟ್ಟ ಜಾಗದಲ್ಲಿ ಚರ್ಮ ಕಪ್ಪಾಗಿದೆ. ಇದು ಕ್ಯಾನ್ಸರೇ?

ಬಹುಮಟ್ಟಿಗೆ ಅಲ್ಲ. ಚಿಕಿತ್ಸೆಯ ಕೊನೆಯ ವಾರಗಳಲ್ಲಿ ಚರ್ಮ ಬಿಸಿಲಿಗೆ ಬೆಂದಂತೆ ಕಪ್ಪಾಗುವುದು, ಸಿಪ್ಪೆ ಸುಲಿಯುವುದು ಸಹಜ. ತಿಂಗಳುಗಳಲ್ಲಿ ಅದು ತಿಳಿಯಾಗುತ್ತದೆ. ವರ್ಷಗಳ ನಂತರ ಸಣ್ಣ ಕೆಂಪು ರಕ್ತನಾಳಗಳು ಜೇಡರ ಬಲೆಯಂತೆ ಕಾಣುವುದೂ ಇದೆ, ಅದೂ ಕ್ಯಾನ್ಸರಲ್ಲ.

ಗಮನಿಸಬೇಕಾದದ್ದು ಬೇರೆ. ಆಂಜಿಯೋಸಾರ್ಕೋಮಾ ಎಂಬ ರಕ್ತನಾಳದ ಕ್ಯಾನ್ಸರ್ ಸಾವಿರಕ್ಕೆ ಒಬ್ಬಿಬ್ಬರಲ್ಲಿ, ಸಾಮಾನ್ಯವಾಗಿ 5ರಿಂದ 10 ವರ್ಷಗಳ ನಂತರ, ವಿಕಿರಣ ಬಿದ್ದ ಚರ್ಮದಲ್ಲಿಯೇ ಹುಟ್ಟುತ್ತದೆ. ಮೊದಲು ಅದು ಎಲ್ಲಿಯೋ ತಗಲಿ ರಕ್ತ ಹೆಪ್ಪುಗಟ್ಟಿದಂತೆ ಕಾಣುತ್ತದೆ: ನೇರಳೆ ಹಣ್ಣಿನ ರಸ ಚೆಲ್ಲಿದಂಥ ಮಚ್ಚೆ, ನೋವಿಲ್ಲ, ಅಂಚು ಸ್ಪಷ್ಟವಿಲ್ಲ. ಪೆಟ್ಟಿನ ಕಲೆಯಾದರೆ ಎರಡು ವಾರದಲ್ಲಿ ಹಸಿರಾಗಿ, ಹಳದಿಯಾಗಿ ಮಾಯವಾಗಬೇಕು. ಇದು ಮಾಯವಾಗುವುದಿಲ್ಲ, ಹರಡುತ್ತದೆ, ಪಕ್ಕದಲ್ಲಿ ಇನ್ನೊಂದು ಮಚ್ಚೆ ಏಳುತ್ತದೆ. ಮುಲಾಮು ಹಚ್ಚಿಕೊಂಡು ತಿಂಗಳು ಕಳೆಯುವ ಬದಲು ಚರ್ಮದ ಬಯಾಪ್ಸಿ ಮಾಡಿಸಬೇಕು; ಬೇಗ ಗೊತ್ತಾದರೆ ಅಗಲವಾಗಿ ಕತ್ತರಿಸಿ ತೆಗೆಯಲು ಸಾಧ್ಯ. ಕಂಕುಳಿನ ಶಸ್ತ್ರಚಿಕಿತ್ಸೆಯ ನಂತರ ವರ್ಷಾನುಗಟ್ಟಲೆ ಕೈ ಊದಿಕೊಂಡೇ ಇದ್ದವರಲ್ಲಿ, ವಿಕಿರಣ ಬೀಳದ ತೋಳಿನಲ್ಲಿಯೂ ಇದೇ ಕ್ಯಾನ್ಸರ್ ಅಪರೂಪಕ್ಕೆ ಬರುವುದನ್ನು 1948ರಲ್ಲಿ ಸ್ಟೀವರ್ಟ್ ಮತ್ತು ಟ್ರೀವ್ಸ್ ಗುರುತಿಸಿದರು. ಕೈ ಬಾವನ್ನು ಅಲಕ್ಷಿಸಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ನಮ್ಮ ಮನೆತನದಲ್ಲಿ ಕ್ಯಾನ್ಸರ್ ಇದೆ. ನನಗೆ ವಿಕಿರಣ ಸರಿಯೇ?

ಬಿಆರ್‌ಸಿಎ ವಂಶವಾಹಿಯಲ್ಲಿ ದೋಷವಿರುವವರಿಗೆ ವಿಕಿರಣ ನಿಷಿದ್ಧವಲ್ಲ. ಅವರ ಮುಖ್ಯ ಅಪಾಯ ವಿಕಿರಣದಿಂದಲ್ಲ, ಆ ವಂಶವಾಹಿಯಿಂದಲೇ: 2017ರ ಒಂದು ಅಧ್ಯಯನದ ಪ್ರಕಾರ ಮೊದಲ ಕ್ಯಾನ್ಸರಿನ ನಂತರದ 20 ವರ್ಷಗಳಲ್ಲಿ ಇನ್ನೊಂದು ಸ್ತನದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಬಿಆರ್‌ಸಿಎ 1 ಇದ್ದವರಲ್ಲಿ ಶೇ 40, ಬಿಆರ್‌ಸಿಎ 2 ಇದ್ದವರಲ್ಲಿ ಶೇ 26. ಟಿಪಿ 53 ಎಂಬ ವಂಶವಾಹಿಯ ದೋಷದ ಮಾತು ಬೇರೆ. ಮುರಿದ ಡಿಎನ್‌ಎಯನ್ನು ಕಾಯುವ ವಂಶವಾಹಿಯೇ ಅಲ್ಲಿ ಕೆಟ್ಟಿರುವುದರಿಂದ, ಸಾಧ್ಯವಿದ್ದಲ್ಲೆಲ್ಲ ವಿಕಿರಣವನ್ನು ತಪ್ಪಿಸಿ ಪೂರ್ಣ ಸ್ತನ ತೆಗೆಯುವುದನ್ನು ಪರಿಗಣಿಸುತ್ತಾರೆ. ಬಹಳ ಚಿಕ್ಕ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂದಿದ್ದರೆ, ಮನೆಯಲ್ಲಿ ಮಕ್ಕಳಿಗೆ ಮೂಳೆಯ ಅಥವಾ ಮಿದುಳಿನ ಕ್ಯಾನ್ಸರ್ ಆಗಿದ್ದರೆ, ರೇಡಿಯೇಶನ್ ಶುರುವಾಗುವ ಮೊದಲೇ ಅದನ್ನು ವೈದ್ಯರಿಗೆ ಹೇಳಿ. ನಡೆದ ಮೇಲೆ ಹೇಳಿದರೆ ಪ್ರಯೋಜನ ಕಡಿಮೆ.

ಕೀಮೋ ಮತ್ತು ಮಾತ್ರೆಗಳಿಂದ ಅಪಾಯವಿಲ್ಲವೇ?

ಇದೆ. ಸೈಕ್ಲೋಫಾಸ್ಫಮೈಡ್‌ನಂಥ ಔಷಧಿಗಳ ನಂತರ ಸಾಮಾನ್ಯವಾಗಿ 5ರಿಂದ 7 ವರ್ಷಗಳಲ್ಲಿ, ‘ಕೆಂಪು ಕೀಮೋ’ ಎಂದು ರೋಗಿಗಳು ಗುರುತಿಸುವ ಡಾಕ್ಸೊರುಬಿಸಿನ್‌ನಂಥವುಗಳ ನಂತರ ಒಂದರಿಂದ 3 ವರ್ಷಗಳಲ್ಲಿ, ಅಪರೂಪಕ್ಕೆ ರಕ್ತದ ಕ್ಯಾನ್ಸರ್ ಬರಬಹುದು. ಕಾರಣವಿಲ್ಲದ ಸುಸ್ತು, ಮತ್ತೆ ಮತ್ತೆ ಜ್ವರ, ವಸಡಿನಲ್ಲಿ ರಕ್ತ ಇವುಗಳಿದ್ದರೆ ಒಂದು ಸಾಮಾನ್ಯ ರಕ್ತಪರೀಕ್ಷೆ ಮಾಡಿಸಿದರೆ ಮೊದಲ ಸುಳಿವು ಸಿಗುತ್ತದೆ.

ಟಾಮಾಕ್ಸಿಫೆನ್ ಮಾತ್ರೆ ಸ್ತನದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನನ್ನು ತಡೆಯುತ್ತದೆ, ಗರ್ಭಕೋಶದ ಒಳಪದರದಲ್ಲಿ ಮಾತ್ರ ಈಸ್ಟ್ರೋಜನ್ನಿನಂತೆಯೇ ವರ್ತಿಸುತ್ತದೆ. 2012ರಲ್ಲಿ ವರದಿಯಾದ ಅಟ್ಲಾಸ್ ಪ್ರಯೋಗದಲ್ಲಿ 5ನೇ ವರ್ಷದಿಂದ 14ನೇ ವರ್ಷದವರೆಗಿನ ಅವಧಿಯಲ್ಲಿ ಗರ್ಭಕೋಶದ ಕ್ಯಾನ್ಸರಿನ ಪ್ರಮಾಣ, 10 ವರ್ಷ ಮಾತ್ರೆ ತೆಗೆದುಕೊಂಡವರಲ್ಲಿ ಶೇ 3.1, 5 ವರ್ಷಕ್ಕೆ ನಿಲ್ಲಿಸಿದವರಲ್ಲಿ ಶೇ 1.6 ಇತ್ತು, ಅದರಿಂದಾದ ಸಾವು ಇನ್ನೂ ಕಡಿಮೆ, ಕ್ರಮವಾಗಿ ಶೇ 0.4 ಮತ್ತು 0.2. ಮುಟ್ಟು ನಿಂತವರಲ್ಲಿ ಒಂದು ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರಲ್ಲಿಗೆ ಹೋಗಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಇಷ್ಟೆಲ್ಲ ಇದ್ದರೆ ರೇಡಿಯೇಶನ್ನೇ ಬೇಡ ಎನ್ನಬಹುದಲ್ಲ?

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಿ. ಸ್ತನ ಉಳಿಸಿಕೊಂಡು ಗಡ್ಡೆ ಮಾತ್ರ ತೆಗೆಸಿಕೊಂಡ 10,801 ಮಹಿಳೆಯರ 17 ಪ್ರಯೋಗಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: 10 ವರ್ಷಗಳಲ್ಲಿ ಕ್ಯಾನ್ಸರ್ ಮರಳಿದ ಪ್ರಮಾಣ, ರೇಡಿಯೇಶನ್ ಇಲ್ಲದವರಲ್ಲಿ ಶೇ 35, ಪಡೆದವರಲ್ಲಿ ಶೇ 19.3. 15 ವರ್ಷಗಳಲ್ಲಿ ಸ್ತನ ಕ್ಯಾನ್ಸರಿನಿಂದಾದ ಸಾವು ಶೇ 25.2ರಿಂದ ಶೇ 21.4ಕ್ಕೆ ಇಳಿಯಿತು. ನೂರಕ್ಕೆ ಸುಮಾರು ನಾಲ್ಕು ಜೀವ ಒಂದು ಕಡೆ; ಹೊಗೆ ಸೇದದವರಲ್ಲಿ ನೂರಕ್ಕೆ 0.3 ಶ್ವಾಸಕೋಶದ ಕ್ಯಾನ್ಸರ್ ಇನ್ನೊಂದು ಕಡೆ. ಬಿಡದೆ ಸೇದುವವರಲ್ಲಿ ಮಾತ್ರ ಈ ಎರಡು ಅಂಕಿಗಳು ಸರಿಸಮಕ್ಕೆ ಬಂದುಬಿಡುತ್ತವೆ.

ಬೇಡ ಎನ್ನಬಹುದಾದವರೂ ಇದ್ದಾರೆ. 65 ದಾಟಿ, ಗಡ್ಡೆ 3 ಸೆಂಟಿಮೀಟರಿನೊಳಗಿದ್ದು, ಕಂಕುಳಿಗೆ ಹರಡದೆ, ಹಾರ್ಮೋನಿಗೆ ಸ್ಪಂದಿಸುವ ಜಾತಿಯದಾಗಿದ್ದು, ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುವವರ ಮೇಲೆ ನಡೆದ ಪ್ರೈಮ್ 2 ಪ್ರಯೋಗದ 10 ವರ್ಷಗಳ ಫಲಿತಾಂಶ 2023ರಲ್ಲಿ ಹೊರಬಂತು. ರೇಡಿಯೇಶನ್ ಬಿಟ್ಟವರಲ್ಲಿ ಶೇ 9.5, ಪಡೆದವರಲ್ಲಿ ಶೇ 0.9 ಮಂದಿಗೆ ಅದೇ ಸ್ತನದಲ್ಲಿ ಕ್ಯಾನ್ಸರ್ ಮರಳಿತ್ತು, ಆದರೆ ಬದುಕುಳಿದವರ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ. ಇಂಥವರು ವೈದ್ಯರೊಡನೆ ಕೂತು ಮಾತಾಡಿ ತೀರ್ಮಾನಿಸಬಹುದು. 42ರ ಮಹಿಳೆ ಈ ಫಲಿತಾಂಶವನ್ನು ತನಗೆ ಅನ್ವಯಿಸಿಕೊಂಡರೆ ತಪ್ಪಾಗುತ್ತದೆ.

ಹೊಸ ಯಂತ್ರಗಳಲ್ಲಿ ಅಪಾಯ ಕಡಿಮೆಯೇ?

ಬಹುಮಟ್ಟಿಗೆ ಹೌದು. ಸಿಟಿ ನೋಡಿ ಯೋಜಿಸುವುದರಿಂದ ಎಷ್ಟು ಶ್ವಾಸಕೋಶ ಸಿಕ್ಕಿಕೊಂಡಿದೆ ಎಂದು ಮೊದಲೇ ಅಳೆಯಬಹುದು. ಎಡಗಡೆಯ ಚಿಕಿತ್ಸೆಯಲ್ಲಿ ಉಸಿರನ್ನು ದೀರ್ಘವಾಗಿ ಎಳೆದು ಹಿಡಿಯಲು ಹೇಳುತ್ತಾರೆ. ಆಗ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ. ಹಿಂದೆ 25 ದಿನಗಳಲ್ಲಿ 50 ಗ್ರೇ ಕೊಡುತ್ತಿದ್ದಲ್ಲಿ ಈಗ 15 ದಿನಗಳಲ್ಲಿ 40 ಗ್ರೇ, ಕೆಲವರಿಗೆ 5 ದಿನಗಳಲ್ಲಿ 26 ಗ್ರೇ ಸಾಕಾಗುತ್ತದೆ. ಆದರೆ ಹೊಸದೆಲ್ಲವೂ ಎಲ್ಲ ಅಂಗಕ್ಕೂ ಒಳ್ಳೆಯದಲ್ಲ: ಹಲವು ದಿಕ್ಕಿನಿಂದ ಕಿರಣ ಹಾಯಿಸುವ ಕೆಲವು ವಿಧಾನಗಳಲ್ಲಿ ಹೆಚ್ಚಿನ ಪ್ರಮಾಣ ಬೀಳುವ ಜಾಗ ಕುಗ್ಗಿದರೂ, ಕಡಿಮೆ ಪ್ರಮಾಣ ಎರಡನೇ ಶ್ವಾಸಕೋಶಕ್ಕೂ ಇನ್ನೊಂದು ಸ್ತನಕ್ಕೂ ಹರಡುತ್ತದೆ. ದುಬಾರಿ ಪ್ಯಾಕೇಜು ಎಂದ ಮಾತ್ರಕ್ಕೆ ಒಪ್ಪದೆ, ‘ನನ್ನ ವಯಸ್ಸಿಗೆ ಇದು ಯಾಕೆ ಬೇಕು’ ಎಂದು ಕೇಳುವ ಹಕ್ಕು ನಿಮಗಿದೆ.

ನನ್ನ ಮೈಯಿಂದ ಮೊಮ್ಮಕ್ಕಳಿಗೆ ವಿಕಿರಣ ತಗಲುತ್ತದೆಯೇ?

ಇಲ್ಲ. ಹೊರಗಿನ ಯಂತ್ರದಿಂದ ಕೊಡುವ ವಿಕಿರಣ ಮೈಯಲ್ಲಿ ಉಳಿಯುವುದಿಲ್ಲ. ಮಗುವನ್ನು ಎತ್ತಿಕೊಳ್ಳಿ.

ಪ್ರತಿವರ್ಷ ಮ್ಯಾಮೊಗ್ರಾಮ್ ಮಾಡಿಸಿದರೆ ಇನ್ನಷ್ಟು ವಿಕಿರಣವಾಗುವುದಿಲ್ಲವೇ? ಅದರ ಬದಲು ಪೆಟ್ ಸ್ಕ್ಯಾನ್ ಮಾಡಿಸಲೇ?

ಒಂದು ಮ್ಯಾಮೊಗ್ರಾಮಿನ ವಿಕಿರಣ, ನಾವು ನೆಲ, ಗಾಳಿ, ಆಕಾಶದಿಂದ ಕೆಲವು ವಾರಗಳಲ್ಲಿ ಪಡೆಯುವಷ್ಟು. ಅದಕ್ಕೆ ಹೆದರಿ ತಪಾಸಣೆ ಬಿಡಬೇಡಿ. ವಿಕಿರಣದ ಹೆದರಿಕೆಗೆ ಪೆಟ್-ಸಿಟಿ ಮಾಡಿಸುವುದಂತೂ ತಲೆಕೆಳಗಾದ ಲೆಕ್ಕ, ಅದರಲ್ಲಿ ವಿಕಿರಣ ಹಲವು ಪಟ್ಟು ಹೆಚ್ಚು. ಯಾವ ತೊಂದರೆಯೂ ಇಲ್ಲದವರಿಗೆ ವರ್ಷಕ್ಕೊಮ್ಮೆ ಪೆಟ್ ಸ್ಕ್ಯಾನಾಗಲಿ ಟ್ಯೂಮರ್ ಮಾರ್ಕರ್ ರಕ್ತಪರೀಕ್ಷೆಯಾಗಲಿ ಬೇಕಿಲ್ಲ. ಮೊದಲ 3 ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಮುಂದಿನ 2 ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ವೈದ್ಯರು ಕೈಯಿಂದ ಪರೀಕ್ಷಿಸಬೇಕು. ಉಳಿದಿರುವ ಸ್ತನಕ್ಕೆ ವರ್ಷಕ್ಕೊಂದು ಮ್ಯಾಮೊಗ್ರಾಮ್. ಗರ್ಭಕೊರಳಿನ ತಪಾಸಣೆಯನ್ನು ವಯಸ್ಸಿಗೆ ತಕ್ಕಂತೆ ಎಲ್ಲರಂತೆ ಮಾಡಿಸಿ. ಒಂದು ಕ್ಯಾನ್ಸರ್ ಬಂದುಹೋದವರು ಉಳಿದ ತಪಾಸಣೆಗಳನ್ನು ಮರೆತುಬಿಡುವುದೇ ಹೆಚ್ಚು.

ಹಳೆಯ ಕಾಗದಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು?

ಬದುಕಿರುವವರೆಗೆ. 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮಾವಳಿಯು ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ ಕಾಯ್ದಿಡಬೇಕೆಂದು ವೈದ್ಯರಿಗೆ ವಿಧಿಸಿತು. ನಾವು ಇಲ್ಲಿ ಮಾತಾಡುತ್ತಿರುವ ಅಪಾಯದ ಬಹುಪಾಲು ತಲೆಯೆತ್ತುವುದೇ 10 ವರ್ಷ ಕಳೆದ ಮೇಲೆ. ಹಲವು ಆಸ್ಪತ್ರೆಗಳು ಹೆಚ್ಚು ಕಾಲ ಇಟ್ಟುಕೊಳ್ಳುತ್ತವೆ ನಿಜ, ಆದರೆ ನಿಮ್ಮ ವಿಷಯದಲ್ಲಿ ಇಟ್ಟಿರುತ್ತವೆ ಎಂದು ನಂಬಿ ಕೂರುವಂತಿಲ್ಲ. ಫೈಲಿನಲ್ಲಿ ಬೇರೆ ಏನು ಕಳೆದರೂ ಮೂರು ಹಾಳೆ ಕಳೆಯಬಾರದು: ಬಯಾಪ್ಸಿ ವರದಿ, ಕೀಮೋ ಔಷಧಿಗಳ ಹೆಸರು ಮತ್ತು ಪ್ರಮಾಣ, ರೇಡಿಯೇಶನ್ ಮುಗಿದ ದಿನ ಕೊಡುವ ಸಾರಾಂಶ. ಈ ಕೊನೆಯ ಹಾಳೆಯಲ್ಲಿ ಎಡವೋ ಬಲವೋ, ಯಾವ ಯಂತ್ರ, ಒಟ್ಟು ಎಷ್ಟು ಗ್ರೇ, ಎಷ್ಟು ದಿನ, ಗ್ರಂಥಿಗಳಿಗೂ ಕೊಟ್ಟಿದ್ದಾರೆಯೇ ಎಂಬುದು ಬರೆದಿರಬೇಕು. ಇಲ್ಲದಿದ್ದರೆ ಅಂದೇ ಕೇಳಿ ಬರೆಸಿಕೊಳ್ಳಿ. ಫೋನಿನಲ್ಲಿ ಒಂದು ಫೋಟೊ ತೆಗೆದು ಮಗಳಿಗೋ ಸೊಸೆಗೋ ಕಳಿಸಿಡಿ. ಹದಿನೈದು ವರ್ಷಗಳ ನಂತರ ಬೇರೊಂದು ಊರಿನ ಬೇರೊಬ್ಬ ವೈದ್ಯರು ‘ಎದೆಗೆ ಎಂದಾದರೂ ಕರೆಂಟ್ ಕೊಟ್ಟಿದ್ದರಾ, ಎಷ್ಟು’ ಎಂದು ಕೇಳಿದಾಗ ತೋರಿಸಬೇಕಾದದ್ದು ಆ ಹಾಳೆ.